ಒರೆಸಿದ ಭಂಡಾರ

೬ ಅಕ್ಟೋಬರ್ ೨೦೦೩, ಸೋಮವಾರ. ಮುಧೋಳ

ಊಟ ಸೇರಲಿಲ್ಲ. ಎಷ್ಟು ತಿಕ್ಕಿ ತೊಳೆದರೂ ಉಗುರಿನ ಸಂದಿಯ ಅರಿಶಿನ ಹೋಗುತ್ತಿಲ್ಲ.

ಬೆಳಿಗ್ಗೆ ರನ್ನ ಬೆಳಗಲಿಗೆ, ಸಿದ್ದಕ್ಕನ ಮನೆಗೆ ಹೋಗಿದ್ದೆ. ಹೋದ ಚಳಿಗಾಲದಲ್ಲಿ ತೀರಿಕೊಂಡ ಆಕೆಯ ಗಂಡ ಅಮಸಿದ್ದಪ್ಪ ಎರಡನೇ ಮಹಾಯುದ್ಧದ ಇಟಲಿ ರಣರಂಗದಿಂದ ತಂದಿದ್ದ ಪಿಸ್ತೂಲು ದೇವರ ಜಗಲಿಯ ಮೇಲೆ, ಬೀರಪ್ಪನ ಪಕ್ಕದಲ್ಲೇ ಇತ್ತು. ನಳಿಗೆಗೆ ಸೀಸ ತುಂಬಿಸಿದ, ಇನ್ನೆಂದೂ ಹಾರದ ಪಿಸ್ತೂಲು. ಪ್ರತಿ ದಸರೆಯ ಖಂಡೆ ಪೂಜೆಗೆ ಆತ ಬಳಿದ ಭಂಡಾರದ ಅರಿಶಿನ ಪದರುಪದರಾಗಿ ಕೂತು ಕಬ್ಬಿಣವೇ ಕಾಣುತ್ತಿರಲಿಲ್ಲ. ಆಕಾರ ನೋಡಿದರೆ ಜೆಕ್ ಸೈನ್ಯದ್ದು, ಎರಡು ಮಹಾಯುದ್ಧಗಳ ನಡುವಿನದು ಅನಿಸಿತು. ನನ್ನ ಹಳೆಯ ಆಯುಧಗಳ ಸಂಗ್ರಹದಲ್ಲಿ ಇಲ್ಲದ್ದು.

ಸಿದ್ದಕ್ಕ ಚಹಾ ಮಾಡಲು ಒಳಗೆ ಹೋದದ್ದೇ ತಡ, ಕಿಸೆಯ ಬಟ್ಟೆಗೆ ಎಣ್ಣೆ ಹಾಕಿ ಉಜ್ಜಿದೆ. ಜೆಕ್ ಸಿಂಹದ ಮುದ್ರೆ, ಪಕ್ಕದಲ್ಲಿ ೧೯೨೭! ಬಹುಮಾನ ಗೆದ್ದವನ ಹಾಗೆ ಕೂಗಿ ಆಕೆಯನ್ನು ಕರೆದೆ.

ಆಕೆ ಬಂದು ನೋಡಿದಳು. "ಅವರ ಕೈಬಟ್ಟಿನ ಗುರುತು ಮೂಡಿದ್ವುರೀ ಅದರ ಮ್ಯಾಲ. ಅಳಿಸಿ ಹೋಗ್ತಾವಂತ ಈ ಸಲ ಪೂಜಿಗೆ ನಾ ಭಂಡಾರಾನ ಹಚ್ಚಿಲ್ಲ."

ಬೈಯಲಿಲ್ಲ. ಚಹಾ ಕೊಟ್ಟಳು. ಹೊರಡುವಾಗ ಪಿಸ್ತೂಲನ್ನು ತಾನೇ ಎತ್ತಿ ನೀಡಿದಳು.

"ಒಯ್ರಿ ಸಾವ್ಕಾರ್ರ. ಇನ್ನ ಅದು ಬರೇ ಕಬ್ಬಣ."

ಬೇಡ ಅನ್ನಬೇಕಿತ್ತು. ಅನ್ನಲೆಂದು ಬಾಯಿಯನ್ನೂ ತೆರೆದೆ. ಅಷ್ಟರಲ್ಲಿ ಕೈ ಮುಂದೆ ಹೋಗಿತ್ತು.

ಈಗ ಅದು ಕಪಾಟಿನ ಗಾಜಿನ ಹಿಂದೆ ಮಿರಮಿರ ಮಿಂಚುತ್ತಿದೆ. ನೋಡಲು ಆಗುತ್ತಿಲ್ಲ. ಒರೆಸಿದ ಬಟ್ಟೆಯನ್ನಾದರೂ ಆಕೆಗೆ ಬಿಟ್ಟು ಬರಬೇಕಿತ್ತು. ಅಂಗಿ ಕಳಚುವಾಗ ಕಿಸೆಗೆ ಕೈ ಹಾಕಿದರೆ, ಹಳದಿ ಮುದ್ದೆಯಾಗಿ ಅದೂ ಇತ್ತು. ಅದನ್ನೂ ನಾನೇ ತಂದಿದ್ದೇನೆ.