ಆಲ್ಡರ್‌ವಿಕ್ ಅಂದರೆ ದೊಡ್ಡಿ

ಇಟಾಸ್ಕಾ, ಇಲಿನಾಯ್
10 ನವೆಂಬರ್ 2002, ಭಾನುವಾರ

ಪ್ರೀತಿಯ ಆಯೆಷಾ ಆಪಾಗೆ ತಮ್ಮ ಕಲೀಮ್‌ನ ಸಲಾಮ್.

ಹೇಗಿದ್ದೀಯ? ಚಳಿಗೆ ನಿನ್ನ ಹಿಮ್ಮಡಿ ಒಡೆಯುವುದು ನಿಂತಿತೇ? ನಾವೆಲ್ಲ ಚೆನ್ನಾಗಿದ್ದೇವೆ ಅಂತ ಬರೆಯಬೇಕಂತೆ, ಅಮ್ಮಿಯ ಹುಕುಂ. ಚೆನ್ನಾಗಿಲ್ಲ, ಆಪಾ. ಅಬ್ಬಾರ ಕೆಲಸ ಆಗಸ್ಟಿನಲ್ಲಿ ಹೋಯಿತು, ಅದರ ಹಿಂದೆಯೇ ವೀಸಾ. ಈ ತಿಂಗಳ ಕೊನೆಗೆ ಎಲ್ಲರೂ ಚನ್ನಪಟ್ಟಣಕ್ಕೆ, ಮಾಮೂ ಮನೆಗೆ ವಾಪಸ್. ನಾನು ಸ್ಕೂಲು ಬಿಟ್ಟಿದ್ದೇನೆ. ಅದಕ್ಕೆ ಅಬ್ಬಾರ ಕೆಲಸ ಕಾರಣ ಅಂತ ಅಮ್ಮಿ ಎಲ್ಲರಿಗೂ ಹೇಳುತ್ತಾಳೆ. ಸುಳ್ಳು. ನಾನು ಮಾರ್ಚಿನಲ್ಲೇ ಬಿಟ್ಟೆ. ಒಂದು ಕಡೆ ಕೂರುವುದು ನನ್ನಿಂದ ಆಗದು ಅಂತ ನಿನಗೆ ಗೊತ್ತಲ್ಲ.

ಈ ಪತ್ರ ನಿನಗೆ ತಲುಪುತ್ತದೋ ಇಲ್ಲವೋ. ಲಕೋಟೆಯ ಮೇಲೆ ಬರೆಯಲು ನಿನ್ನ ಹೆಸರು, ಊರ ಹೆಸರು, ಇಂಗ್ಲೆಂಡ್, ಇಷ್ಟೇ ನನ್ನ ಹತ್ತಿರ ಇರುವುದು. ಚಿಕ್ಕ ಊರಲ್ಲವೇ, ಆಯೆಷಾ ಅನ್ನುವವಳು ಒಬ್ಬಳೇ ಇರಬಹುದು. ಹೋದ ವಾರ ನಿನ್ನ ಗೆಳತಿ ಅನು ಓಕ್ ಬ್ರೂಕ್‌ನ ಮಾಲಿನಲ್ಲಿ ಸಿಕ್ಕಿ, ನೀನು ಮತ್ತು ಸೈಮನ್ ಆಲ್ಡರ್‌ವಿಕ್‌ನಲ್ಲಿದ್ದೀರಿ ಅಂದಳು. ಓಡಿಬಂದು ಅಬ್ಬಾರ ರೋಡ್ ಅಟ್ಲಾಸ್ ತೆಗೆದೆ. ಇತ್ತು! ಮಿಶಿಗನ್ನಿನಲ್ಲಿ, ಡೆಟ್ರಾಯಿಟ್ ದಾಟಿ ಉತ್ತರಕ್ಕೆ. ನಿನ್ನನ್ನು ಹುಡುಕಲು ಹೋಗುತ್ತೇನೆ ಅಂತ ಅಬ್ಬಾಗೆ ಮುಖದ ಮೇಲೇ ಹೇಳಿದೆ. ನೀನು ಸೈಮನ್‌ನನ್ನು ಮದುವೆಯಾಗಿ ಹೋದ ದಿನ "ಅವಳ ಹೆಸರು ಈ ಮನೇಲಿ ಎತ್ತಬೇಡಿ" ಅಂದವರು, ಈಗ ಕಾರಿನ ಕೀ ಮೇಜಿನ ಮೇಲಿಟ್ಟು ನಮಾಜಿಗೆ ಹೋದರು.

ನಿನ್ನೆ ಹೊರಟಾಗ ಅಮ್ಮಿಯೂ ಬಂದಳು, ರಂಜಾನಿನ ರೋಜಾ ಉಪವಾಸ ಹಿಡಿದುಕೊಂಡೇ, ಮಡಿಲಲ್ಲಿ ನಿನಗೆಂದು ಖೀಮಾ ಸಮೋಸದ ಡಬ್ಬಿ. ಆ ಊರಿನ ಗ್ಯಾಸ್ ಸ್ಟೇಷನ್ನಿನಲ್ಲಿ ಕೇಳಿದೆವು, ಅಂಚೆ ಕಚೇರಿಯಲ್ಲಿ ಕೇಳಿದೆವು. ದಾರಿಯಲ್ಲಿ ಹೋಗುವ ಪ್ರತಿ ಹೆಂಗಸಿನ ಮುಖವನ್ನೂ ಅಮ್ಮಿ ಬಗ್ಗಿ ಬಗ್ಗಿ ನೋಡಿದಳು. ಕೊನೆಗೆ ಲೈಬ್ರರಿಯ ಮುದುಕಿಯೊಬ್ಬರು, ಈ ಊರು ಕಟ್ಟಿದವರು ಇಂಗ್ಲೆಂಡಿನ ಒಂದು ಹಳ್ಳಿಯಿಂದ ಬಂದವರು, ಹೆಸರನ್ನೂ ಅಲ್ಲಿಂದಲೇ ತಂದರು ಅಂದರು. ಅಲ್ಲಿಂದಲೇ ಅನುಗೆ ಫೋನ್ ಮಾಡಿದೆ. "ಯಾವ ದೇಶ ಅಂತ ನೀನು ಕೇಳ್ಲೇ ಇಲ್ವಲ್ಲೋ ಪೆದ್ದೇ!" ಅಂದಳು. ಅವಳಿಗೂ ನಿನ್ನ ವಿಳಾಸ ಗೊತ್ತಿಲ್ಲ.

ಆ ಮುದುಕಿ ಪುಸ್ತಕ ತೆಗೆದು ತೋರಿಸಿದರು. ನಿಮ್ಮ ಹಳ್ಳಿ ಎರಡು ಹೊಳೆಗಳ ನಡುವಿನ ತಗ್ಗಿನಲ್ಲಿದೆಯಂತೆ, ಒಂದು ಚರ್ಚು, ಬೆರಳೆಣಿಕೆಯ ಮನೆಗಳು, ರೈಲು ಬಲು ದೂರ. ಆಲ್ಡರ್ ಅಂದರೆ ನೀರಿನ ಅಂಚಿಗೆ ಬೆಳೆಯುವ ಮರ. ವಿಕ್ ಅಂದರೆ ಹಿಂದಿನ ಕಾಲದಲ್ಲಿ ಹಾಲಿನ ದನಗಳನ್ನು ಕೂಡುತ್ತಿದ್ದ ಜಾಗ. ಇನ್ನೊಂದು ಪುಸ್ತಕದಲ್ಲಿ ಆಲ್ಡರ್ ಯಾರೋ ಯಜಮಾನನ ಹೆಸರು ಅಂತಿದೆ, ಯಾವುದು ನಿಜವೋ ನನಗೆ ಗೊತ್ತಿಲ್ಲ. ಅಮ್ಮಿಗೆ ಮರದ ಕಥೆಯೇ ಹಿಡಿಸಿತು. "ದನ ಕೂಡೋ ಜಾಗ ಅಂದ್ರೆ ದೊಡ್ಡಿ ಕಣೋ. ನಾನು ಹುಟ್ಟಿದ ಹೊಂಗೆದೊಡ್ಡಿ ಥರಾನೇ!" ಅಂತ ನಕ್ಕಳು. ಎಷ್ಟು ದಿನವಾಗಿತ್ತು ಅವಳು ನಕ್ಕು. ವಾಪಸು ಬರುವಾಗ ಇಂಡಿಯಾನಾದ ಹತ್ತಿರ ಹೊತ್ತು ಮುಳುಗಿತು. ಕಾರು ನಿಲ್ಲಿಸಿ ರೋಜಾ ಬಿಟ್ಟೆವು. ಅಮ್ಮಿ ಖರ್ಜೂರವನ್ನು ಬಾಯಿಗಿಟ್ಟವಳು ಅಳತೊಡಗಿದಳು. "ದೊಡ್ಡೀಲಿ ಕತ್ತಲು ಹೆಂಗಿರುತ್ತೆ ಗೊತ್ತಾ ನಿಂಗೆ? ಅವಳಿಗೆ ಕತ್ತಲಂದ್ರೆ ಭಯ." ನಿನ್ನ ಸಮೋಸ ನಾನೇ ತಿಂದೆ.

ಅಮ್ಮಿಯ ದುವಾ ಸದಾ ನಿನ್ನ ನೆತ್ತಿಯ ಮೇಲಿದೆ. ಸೈಮನ್‌ಗೆ ಸಲಾಮ್ ಹೇಳು. ಅಬ್ಬಾ ಹೇಳಿಸಿದ್ದಲ್ಲ, ನನ್ನದು.

ನಿನ್ನ ತಮ್ಮ,
ಕಲೀಮ್

ಮರೆತೇಬಿಟ್ಟಿದ್ದೆ: ಪ್ರತಿ ಈದ್ ದಿನ ಫೋನ್ ಮಾಡಿ ಮಾತಾಡದೆ ಇರುವವಳು ನೀನೇ ಅಂತ ನಮಗೆಲ್ಲ ಗೊತ್ತು. ಆವತ್ತು ಅಬ್ಬಾ ಬೇರೆ ಯಾರಿಗೂ ಎತ್ತಲು ಬಿಡುವುದಿಲ್ಲ, ನೀನು ಇಡುವವರೆಗೂ ಹಿಡಿದುಕೊಂಡೇ ಇರುತ್ತಾರೆ. ಈ ಸಲದ ಈದ್‌ಗೆ ಮುಂಚೆಯೇ ನಾವು ಹೋಗಿಬಿಡುತ್ತೇವೆ, ಫೋನೂ ಕಟ್ ಆಗಿರುತ್ತದೆ. ಚನ್ನಪಟ್ಟಣದಲ್ಲಿ ಎಲ್ಲರಿಗೂ ನೀನು ಷಿಕಾಗೋದಲ್ಲಿ ಓದುತ್ತಿದ್ದೀಯ ಅಂತ ಅಬ್ಬಾ ಹೇಳಿದ್ದಾರೆ, ಅಲ್ಲಿ ಫೋನ್ ಎತ್ತುವವರು ಮಾಮೂ, ಅಲ್ಲಿಗೆ ಮಾಡುವಂತಿಲ್ಲ. 30ರೊಳಗೆ ಇಲ್ಲಿಗೇ ಮಾಡು, ಆಪಾ. ಮಾತಾಡದಿದ್ದರೂ ಸರಿ. ಮನೆಯ ಸಾಮಾನೆಲ್ಲ ಮಾರಿಯಾಯಿತು, ಫೋನಿನ ಪಕ್ಕದ ಕುರ್ಚಿಯೊಂದನ್ನು ಕೊಡಲು ಅಬ್ಬಾ ಒಪ್ಪುತ್ತಿಲ್ಲ.