ಒಂಬತ್ತನೇ ಕಾಲಂ: ನಿರೀಕ್ಷಿಸುವ ಸಂಬಳ

ಲಕ್ಷ್ಮೀಪುರಂ, ಮೈಸೂರು
೧೨ನೇ ಆಗಸ್ಟ್ ೧೯೬೨

ಮಗಳು ಸರೋಜಳಿಗೆ ಅಪ್ಪನ ಆಶೀರ್ವಾದ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ತಪ್ಪು ನನ್ನದೇ. ಇಲ್ಲಿ ಎಲ್ಲರೂ ಕ್ಷೇಮ ಎಂದು ಬರೆದರೆ ಅರ್ಧ ನಿಜ. ನಿಮ್ಮವ್ವನ ಮಂಡಿನೋವು ವಾಸಿ. ಹಿತ್ತಲ ಸೀಬೆಗಿಡ ಈ ಸಲ ಚೆನ್ನಾಗಿ ಬಿಟ್ಟಿದೆ, ಮೊಮ್ಮಗಳು ಪುಟ್ಟಿ ಇದ್ದಿದ್ದರೆ ಒಂದು ಕಾಯನ್ನೂ ಹಣ್ಣಾಗಲು ಬಿಡುತ್ತಿರಲಿಲ್ಲ ಎಂದು ನಿಮ್ಮವ್ವ ದಿನಾ ಅನ್ನುತ್ತಾಳೆ. ಅಳಿಯಂದಿರು ಪುಟ್ಟಸ್ವಾಮಿಯವರಿಗೆ ಹಾಸನದ ಹೊಸ ಆಫೀಸು ಒಗ್ಗಿತೆ ಎಂದು ಕೇಳಿದ್ದೇನೆಂದು ಹೇಳು. ಇದಿಷ್ಟು ಕ್ಷೇಮದ ಅರ್ಧ.

ಇನ್ನರ್ಧ ಹೀಗಿದೆ. ಯಜಮಾನರು ರಾಮಸ್ವಾಮಿಯವರು ತೀರಿಕೊಂಡ ಮೇಲೆ ಅವರ ವಿದ್ಯಾರ್ಥಿನಿಲಯ ಈಗ ಒಂದು ಕಮಿಟಿಯ ಕೈಗೆ ಬಂದಿದೆ. ಕಾರ್ಯದರ್ಶಿ ನಂಜುಂಡಸ್ವಾಮಿ ಅಂತ, ವಕೀಲರು. ಬಂದವರೇ ಎಲ್ಲವೂ ಕ್ರಮಪ್ರಕಾರ ಆಗಬೇಕು ಎಂದರು. ಅರವತ್ತನಾಲ್ಕು ಕೋಣೆಗಳ ನೀರು, ದೀಪ, ಬಚ್ಚಲು, ಬಾಗಿಲು, ಚಿಲಕ, ಹೆಂಚು ಎಲ್ಲವನ್ನೂ ಇಪ್ಪತ್ತೆರಡು ವರ್ಷದಿಂದ ನೋಡಿಕೊಂಡು ಬಂದವನು ನಾನು. ಈಗ ಅದೇ ಕೆಲಸಕ್ಕೆ ಮೇಂಟೆನೆನ್ಸ್ ಮ್ಯಾನೇಜರ್ ಎಂದು ಹೆಸರಿಟ್ಟು ಪೇಪರಿಗೆ ಹಾಕಿಸಿದ್ದಾರೆ. ನಾನೂ ಬೇರೆಯವರ ಜೊತೆ ಅರ್ಜಿ ಹಾಕಬೇಕಂತೆ. ಮೇಸ್ತ್ರಿ ಎಂದು ಕರೆಸಿಕೊಂಡು ರೂಢಿಯಾದವನಿಗೆ ಈ ಮ್ಯಾನೇಜರ್ ಎಂಬ ಹೆಸರು ಕೇಳಿದರೇ ಬೆವರು ಬರುತ್ತದೆ. ಕೆಲಸ ಬೇರೆಯವರ ಪಾಲಾದರೆ ನಿಲಯದ ಹಿಂದೆ ನಾವಿರುವ ಈ ಎರಡು ಕೋಣೆಯ ಮನೆಯೂ ಅವರ ಪಾಲೇ. ದೀಪಾವಳಿಯೊಳಗೆ ಬಿಟ್ಟುಕೊಡಬೇಕು ಎಂದು ಮೊದಲೇ ತಿಳಿಸಿಬಿಟ್ಟಿದ್ದಾರೆ.

ಫಾರಂ ತಂದು ತುಂಬಿದೆ. ಹೆಸರು, ವಯಸ್ಸು, ಓದು, ಅನುಭವ, ಎಲ್ಲ ಬರೆದೆ. ಒಂಬತ್ತನೇ ಕಾಲಮ್ಮಿಗೆ ಬಂದಾಗ ಕೈ ನಿಂತಿತು. ‘ನಿರೀಕ್ಷಿಸುವ ಸಂಬಳ’ ಎಂದಿದೆ. ನಿನಗೇ ಗೊತ್ತಲ್ಲ, ಯಜಮಾನರ ಕಾಲದಲ್ಲಿ ನಾವು ಸಂಬಳದ ಮಾತು ಆಡಿದವರೇ ಅಲ್ಲ. ಆಯುಧಪೂಜೆಯ ದಿನ ಪಂಪಿಗೆ, ಸ್ಪ್ಯಾನರುಗಳಿಗೆ ಕುಂಕುಮ ಹಚ್ಚಿ ಮಂಗಳಾರತಿ ಎತ್ತಿದ ಮೇಲೆ ಅಮ್ಮಾವ್ರು ವೀಳ್ಯದ ತಟ್ಟೆ ಕೊಡುತ್ತಿದ್ದರು. ಎಲೆಯ ಕೆಳಗೆ ಮಡಿಸಿದ ಚೀಟಿ ಇರುತ್ತಿತ್ತು, ಮುಂದಿನ ತಿಂಗಳಿಂದ ಇಷ್ಟು ಅಂತ. ಒಂದು ವರ್ಷ ಎರಡು ರೂಪಾಯಿ ಹೆಚ್ಚು, ಒಂದು ವರ್ಷ ಮೂರು, ಒಂದೊಂದು ವರ್ಷ ಬರೀ ಎಲೆ. ಅವರು ಹೇಳುತ್ತಿರಲಿಲ್ಲ, ನಾನು ಕೇಳುತ್ತಿರಲಿಲ್ಲ. ಹಾಗೇ ನಡೆದು ಈಗ ಎಂಬತ್ತೈದಕ್ಕೆ ಬಂದು ನಿಂತಿದೆ.

ಅದಕ್ಕೇ ಒಂಬತ್ತನೇ ಕಾಲಮ್ಮಿನಲ್ಲಿ ‘ತಮ್ಮ ಚಿತ್ತ’ ಎಂದು ಬರೆದು ಕೊಟ್ಟುಬಂದೆ. ಮರ್ಯಾದೆಯ ಮಾತು ಎಂದುಕೊಂಡಿದ್ದೆ. ಮೂರನೇ ದಿನಕ್ಕೆ ಫಾರಂ ವಾಪಸ್ಸು ಬಂತು. ಆ ಎರಡು ಪದಗಳ ಸುತ್ತ ಕೆಂಪು ಪೆನ್ಸಿಲಿನಲ್ಲಿ ಸುತ್ತು ಹಾಕಿ, ‘ಅಂಕಿಯಲ್ಲಿ ಬರೆಯತಕ್ಕದ್ದು’ ಎಂದು ಪಕ್ಕದಲ್ಲಿ ಬರೆದಿದ್ದಾರೆ. ಐವತ್ತು ದಾಟಿದ ಮೇಲೆ ಮಗ್ಗಿ ತಪ್ಪಿ ಪೆಟ್ಟು ತಿಂದ ಹಾಗಾಯಿತು.

ಈಗ ಎಷ್ಟು ಬರೆಯಲಿ? ಗಿರಣಿಯಲ್ಲಿ ಪಂಪು ನೋಡಿಕೊಳ್ಳುವ ಕಾಳಯ್ಯ, ನೂರ ಎಪ್ಪತ್ತೈದು ಬರಿ, ಅವರು ಇಳಿಸಿ ಇಳಿಸಿ ನೂರ ನಲವತ್ತಕ್ಕೆ ತರುತ್ತಾರೆ ಎನ್ನುತ್ತಾನೆ. ಇದೇನು ದನದ ಸಂತೆಯೇ? ನಿಮ್ಮವ್ವ, ನೂರು ಬರೆದು ಮನೆ ಉಳಿಸಿಕೊಳ್ಳಿ ಎನ್ನುತ್ತಾಳೆ. ಲಕ್ಷ್ಮೀನರಸಿಂಹ ಎಂಬ ಡಿಪ್ಲೊಮಾ ಓದಿದ ಹುಡುಗನೂ ಅರ್ಜಿ ಹಾಕಿದ್ದಾನೆ, ಅವನು ಇನ್ನೂರು ಬರೆದಿದ್ದಾನಂತೆ. ಹೆಚ್ಚು ಬರೆದರೆ ದುರಾಸೆಯವನು ಎನ್ನುತ್ತಾರೆ. ಕಡಿಮೆ ಬರೆದರೆ ಕೆಲಸ ಬಾರದವನು ಎನ್ನುತ್ತಾರೆ. ಮೂರು ದಿನದಿಂದ ಅನ್ನ ಸೇರುತ್ತಿಲ್ಲ. ಓದಿದವಳು ನೀನು, ಒಂದು ಅಂಕಿ ಹೇಳು.

ಹಿಂದಿನ ಕಾಗದದಲ್ಲಿ ನೀನು ಯಜಮಾನರ ಮೇಲೆ ಮತ್ತೆ ಕೋಪ ತೀರಿಸಿಕೊಂಡಿದ್ದೀಯ. ನಿನ್ನ ಕಾಲೇಜಿನ ಖರ್ಚಿಗೆ ಸಂಬಳದಲ್ಲಿ ಹದಿನೈದು ರೂಪಾಯಿ ಹೆಚ್ಚಿಗೆ ಕೊಡಿ ಎಂದು ನನ್ನ ಹೆಸರಿನಲ್ಲಿ ನೀನೇ ಬರೆದ ಅರ್ಜಿಯನ್ನು ಪಕ್ಕಕ್ಕೆ ಎಸೆದವರು, ಅವರ ಕಟ್ಟಡಕ್ಕೆ ಯಾಕಿಷ್ಟು ಮರುಗುತ್ತೀಯ ಅಪ್ಪ ಎಂದಿದ್ದೀಯ. ಏಳು ವರ್ಷದ ಹಿಂದಿನ ಮಾತು, ಈಗ ಬೇಡ. ಸತ್ತವರನ್ನು ಆಡಿಕೊಳ್ಳಬಾರದು.

ಬೇಗ ಬರಿ.
ನಿನ್ನ ಅಪ್ಪ
ಮರಿಯಯ್ಯ


೨೯ನೇ ಆಗಸ್ಟ್

ಸರೋಜ, ನಿನ್ನ ಕಾಗದ ಕೈಸೇರಿತು, ಆದರೆ ಒಂದು ದಿನ ತಡವಾಗಿ. ಗಡುವು ಮುಗಿಯುತ್ತದೆಂದು ಹೆದರಿ ನಾನೇ ಒಂದು ಅಂಕಿ ಬರೆದು ಕೊಟ್ಟುಬಿಟ್ಟಿದ್ದೆ. ನೀನು ಹೇಳಿದ್ದಕ್ಕಿಂತ ಬಹಳ ಕಡಿಮೆ. ಎಷ್ಟೆಂದು ಕಾರ್ಡಿನಲ್ಲಿ ಬರೆಯುವುದಿಲ್ಲ, ನಿನಗಿಂತ ಮೊದಲು ನಿಮ್ಮೂರಿನ ಅಂಚೆಯವನು ಓದುತ್ತಾನೆ. ಸೆಪ್ಟೆಂಬರ್ ಹತ್ತಕ್ಕೆ ಬರಹೇಳಿದ್ದಾರೆ. ಲಕ್ಷ್ಮೀನರಸಿಂಹ ನಿನ್ನೆ ಬೂಟು ಹಾಕಿಕೊಂಡು ಬಂದು ನೀರಿನ ಟ್ಯಾಂಕು ಅಳೆದುಕೊಂಡು ಹೋದ. ನಿಮ್ಮವ್ವ ಪಾತ್ರೆಗಳನ್ನು ಒಂದು ಕಡೆ ಜೋಡಿಸಲು ಶುರುಮಾಡಿದ್ದಾಳೆ, ಬೇಡ ಎಂದರೂ ಕೇಳುವುದಿಲ್ಲ. ಪುಟ್ಟಿಗೆ ಮುತ್ತು.
ಅಪ್ಪ


ಲಕ್ಷ್ಮೀಪುರಂ
೧೧ನೇ ಸೆಪ್ಟೆಂಬರ್ ೧೯೬೨

ಮಗಳು ಸರೋಜಳಿಗೆ ಅಪ್ಪನ ಆಶೀರ್ವಾದ.

ಯಾವಾಗಲೂ ಕಾರ್ಡಿನಲ್ಲೋ ಇನ್‌ಲ್ಯಾಂಡ್ ಕಾಗದದಲ್ಲೋ ಬರೆಯುವವನು ಈ ಸಲ ಲಕೋಟೆ ಯಾಕೆ ಕೊಂಡೆ ಎಂದು ನಿನಗೆ ಅನ್ನಿಸಬಹುದು. ಕೊನೆಗೆ ತಿಳಿಯುತ್ತದೆ. ಮೊದಲು ಒಳ್ಳೆಯ ಸುದ್ದಿ, ಕೆಲಸ ನನಗೇ ಆಯಿತು. ಮನೆಯೂ ಉಳಿಯಿತು. ನಿಮ್ಮವ್ವ ಪಾತ್ರೆಗಳನ್ನೆಲ್ಲ ಮತ್ತೆ ಗೂಡಿಗೆ ಏರಿಸಿ, ನನ್ನನ್ನು ಕೇಳದೆ ಪಾಯಸಕ್ಕೆ ಇಟ್ಟಳು. ಈಗ ನಡೆದದ್ದನ್ನು ಹೇಳುತ್ತೇನೆ.

ನಿನ್ನೆ ಹತ್ತು ಗಂಟೆಗೆ ಊಟದ ಹಾಲಿನಲ್ಲಿ ಕರೆದರು. ನಾನೇ ಮೊಳೆ ಹೊಡೆದು ನಿಲ್ಲಿಸಿದ ಮೇಜಿನ ಆಚೆ ಮೂವರು ಕೂತಿದ್ದರು. ಕಾರ್ಯದರ್ಶಿಗಳು, ಒಬ್ಬರು ರಿಟೈರಾದ ಇಂಜಿನಿಯರು, ಪಕ್ಕದಲ್ಲಿ ಯಜಮಾನರ ಮನೆಯ ಅಮ್ಮಾವ್ರು. ಅಮ್ಮಾವ್ರೂ ಕಮಿಟಿಯಲ್ಲಿದ್ದಾರೆಂದು ನನಗೆ ಗೊತ್ತಿರಲಿಲ್ಲ. ಬಿಳಿ ಸೀರೆ ಉಟ್ಟಿದ್ದರು, ಬಹಳ ಸೊರಗಿದ್ದಾರೆ. ನನ್ನನ್ನು ಕುರ್ಚಿಯ ಮೇಲೆ ಕೂರಲು ಹೇಳಿದರು. ಆ ಹಾಲಿನಲ್ಲಿ ಕುರ್ಚಿ ರಿಪೇರಿ ಮಾಡಿದ್ದೇನೆಯೇ ಹೊರತು ಕೂತವನಲ್ಲ. ತುದಿಯಲ್ಲಿ ಕೂತೆ.

ನನಗಿಂತ ಮೊದಲು ಹೋದ ಲಕ್ಷ್ಮೀನರಸಿಂಹ ಅರ್ಧ ಗಂಟೆ ಇಂಗ್ಲಿಷಿನಲ್ಲಿ ಮಾತಾಡಿದ್ದ. ಹೊರಗೆ ಕೂತು ಕೇಳಿಸಿಕೊಂಡಿದ್ದ ನನಗೆ ಅಲ್ಲೇ ಎದ್ದು ಮನೆಗೆ ಹೋಗಿಬಿಡೋಣ ಅನ್ನಿಸಿತ್ತು. ಇಂಜಿನಿಯರು ನನ್ನನ್ನು ಒಂದು ಪ್ರಶ್ನೆ ಕೇಳಿದರು, ಈ ಕಟ್ಟಡದಲ್ಲಿ ಎಷ್ಟು ನಲ್ಲಿಗಳಿವೆ ಎಂದು. ನಲವತ್ತೊಂದು, ಅದರಲ್ಲಿ ಮೂರು ಸೋರುತ್ತವೆ, ಹದಿನೇಳನೇ ಕೋಣೆಯ ಗೋಡೆಯೊಳಗಿನ ಪೈಪು ಇನ್ನು ಒಂದು ತಿಂಗಳು ತಡೆಯುತ್ತದೆ ಎಂದೆ. ಗೋಡೆಯೊಳಗಿನದು ಹೇಗೆ ತಿಳಿಯಿತು ಎಂದರು. ಸ್ಪ್ಯಾನರಿನ ಒಂದು ತುದಿಯನ್ನು ಪೈಪಿಗೆ ಒತ್ತಿ ಇನ್ನೊಂದು ತುದಿಗೆ ಕಿವಿ ಕೊಟ್ಟರೆ ನೀರು ಎಲ್ಲಿ ಕದ್ದು ಹೋಗುತ್ತಿದೆ ಎಂದು ಕೇಳಿಸುತ್ತದೆ, ದಿನಾ ಬೆಳಿಗ್ಗೆ ಒಂದು ಸುತ್ತು ಹಾಗೆ ಕೇಳಿಕೊಂಡು ಬರುತ್ತೇನೆ ಎಂದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

ಆಗ ಕಾರ್ಯದರ್ಶಿಗಳು ಫಾರಂ ತೆಗೆದು, ಸಂಬಳ ಎಷ್ಟು ನಿರೀಕ್ಷಿಸುತ್ತೀರಿ, ಬಾಯಲ್ಲಿ ಒಂದು ಸಲ ಹೇಳಿ ಎಂದರು. ನಾನು ಬರೆದಿದ್ದು ನೂರ ಹತ್ತು. ಜೇಬಿನಲ್ಲಿ ನಿನ್ನ ಕಾಗದ ಇತ್ತು. ‘ಅಪ್ಪ, ನೂರೈವತ್ತಕ್ಕಿಂತ ಒಂದು ರೂಪಾಯಿ ಕಡಿಮೆ ಕೇಳಬೇಡ. ಈ ಸಲವಾದರೂ ಕೇಳಿ ಪಡೆದುಕೋ’ ಎಂದು ನೀನು ಬರೆದದ್ದು ಕಣ್ಣಿಗೆ ಕಟ್ಟಿದಂತಿತ್ತು. ಯಾರು ಆಡಿಸಿದರೋ ಕಾಣೆ, ನೂರೈವತ್ತು ಅಂದುಬಿಟ್ಟೆ.

ಅವರು ಫಾರಂ ನೋಡಿದರು, ನನ್ನನ್ನು ನೋಡಿದರು. “ಇಲ್ಲಿ ನೂರ ಹತ್ತು ಅಂತ ಇದೆಯಲ್ಲ?”

ಕೆಲಸವೂ ಹೋಯಿತು, ಮನೆಯೂ ಹೋಯಿತು ಎಂದುಕೊಂಡೆ. ಅಂಗಿ ಬೆನ್ನಿಗೆ ಅಂಟಿತ್ತು. ಸುಳ್ಳು ಹೇಳಲು ತೋಚಲಿಲ್ಲ. “ನೂರ ಹತ್ತು ಬರ್ದಿದ್ದು ನಾನು ಸ್ವಾಮಿ. ನೂರೈವತ್ತು ಅಂದಿದ್ದು ನನ್ನ ಮಗಳು” ಎಂದೆ.

ಇಂಜಿನಿಯರು ನಕ್ಕರು. ಕಾರ್ಯದರ್ಶಿಗಳು ಅಮ್ಮಾವ್ರ ಕಡೆ ತಿರುಗಿದರು. ಅಮ್ಮಾವ್ರು “ಆಗ್ಲಿ” ಅಂದರು. ಅಷ್ಟೇ ಕಣಮ್ಮ. ಕಾರ್ಯದರ್ಶಿಗಳು ನೂರ ಹತ್ತನ್ನು ಹೊಡೆದು ನೂರೈವತ್ತು ಮಾಡಿದರು. ಪಂಪಿಗೆ ನೀರು ಕುಡಿಸಿ ಚಾಲೂ ಮಾಡುವಷ್ಟು ಹೊತ್ತೂ ಆಗಲಿಲ್ಲ. ಇಪ್ಪತ್ತೆರಡು ವರ್ಷ ನಾನು ಹೆದರಿದ್ದು ಇಷ್ಟಕ್ಕೇ.

ಏಳುವಾಗ ಅಮ್ಮಾವ್ರು ನಿನ್ನನ್ನು ವಿಚಾರಿಸಿದರು. ಹಾಸನದಲ್ಲಿದ್ದಾಳೆ, ಒಬ್ಬಳು ಮಗಳು ಎಂದೆ. ಇನ್ನೊಂದು ಮಾತು ಕೇಳಿದರು, ಅದನ್ನು ಆಮೇಲೆ ಬರೆಯುತ್ತೇನೆ.

ಲಕ್ಷ್ಮೀನರಸಿಂಹ ಗೇಟಿನ ಹತ್ತಿರ ಸಿಕ್ಕಿದ. ಕೆಟ್ಟ ಹುಡುಗನಲ್ಲ. ಕಿವಿ ಕೊಟ್ಟು ಕೇಳುವುದನ್ನು ನನಗೂ ಹೇಳಿಕೊಡಿ ಎಂದ. ಭಾನುವಾರ ಬಾ ಎಂದಿದ್ದೇನೆ.

ಸಂತೋಷಪಡಬೇಕು, ಆದರೆ ಮನಸ್ಸು ನಿಲ್ಲುತ್ತಿಲ್ಲ. ಕೈಯಲ್ಲಿ ಸ್ಪ್ಯಾನರು ಹಿಡಿದು ಯಾವ ಕೋಣೆಗೆ ಬಂದೆ ಎಂದೇ ಮರೆತು ನಿಲ್ಲುತ್ತೇನೆ. ಹುಡುಗರು ಓದುತ್ತಾ ಕೂತಿರುತ್ತಾರೆ, ಯಾರ ಯಾರ ಮಕ್ಕಳೋ. ಅವರ ದೀಪ ಆರದ ಹಾಗೆ, ನೀರು ನಿಲ್ಲದ ಹಾಗೆ ನೋಡಿಕೊಂಡೆ.

ಬರುವ ಜೂನ್‌ಗೆ ಪುಟ್ಟಿಯನ್ನು ಸ್ಕೂಲಿಗೆ ಹಾಕುತ್ತೀರಲ್ಲ, ಅದರ ಖರ್ಚು ನನ್ನದು. ಬೇಡ ಎನ್ನಬೇಡ, ಇದನ್ನು ನಾನು ಬಾಯಿ ಬಿಟ್ಟು ಕೇಳುತ್ತಿದ್ದೇನೆ. ನಿನಗೂ ಅಳಿಯಂದಿರಿಗೂ ಮಗುವಿಗೂ ದೇವರು ಆಯಸ್ಸು ಆರೋಗ್ಯ ಕೊಡಲಿ, ತಾಯಿ ಚಾಮುಂಡಿ ಬೆಟ್ಟದ ಮೇಲಿಂದ ನಿಮ್ಮ ಕಡೆಗೂ ಒಂದು ಕಣ್ಣಿಟ್ಟಿರಲಿ.

ನಿನ್ನ ಅಪ್ಪ
ಮರಿಯಯ್ಯ

ತಾ. ಕ.: ಸಹಿ ಹಾಕಿ ಎರಡು ದಿನ ಆಯಿತು, ಲಕೋಟೆ ಅಂಟಿಸಲು ಆಗಲಿಲ್ಲ. ಅಮ್ಮಾವ್ರು ಕೇಳಿದ್ದು ಇದು: “ನಿನ್ನ ಮಗಳು ಅಷ್ಟು ಚೆನ್ನಾಗಿ ಓದ್ತಿದ್ಲು. ಯಾಕೆ ಬುಡಿಸ್ಬುಟ್ಟೆ ಮರಿಯಯ್ಯ? ಯಜಮಾನ್ರು ಕೊನೇವರ್ಗೂ ಅಂತಿದ್ರು, ಅವ್ನು ಒಂದ್ಮಾತು ಕೇಳಿದ್ದಿದ್ರೆ ಕಾಲೇಜಿನ ಫೀಜು ನಾನೇ ಕಟ್ತಿದ್ದೆ ಅಂತ.”

ಯಜಮಾನರು ನಿನ್ನ ಅರ್ಜಿಯನ್ನು ಎಸೆಯಲಿಲ್ಲ ಸರೋಜ. ಅವರು ಅದನ್ನು ನೋಡಲೇ ಇಲ್ಲ. ಅವತ್ತು ನಾನು ಅವರ ಬಾಗಿಲ ತನಕ ಹೋದೆ. ಪೇಪರು ಓದುತ್ತಿದ್ದವರು ತಲೆ ಎತ್ತಿ “ಏನು ಮರಿಯಯ್ಯ?” ಅಂದರು. ಅರ್ಜಿ ಹಿಡಿದ ಕೈ ಜೇಬಿನಲ್ಲೇ ಇತ್ತು. “ಟ್ಯಾಂಕಿನ ವಾಲ್ವು ಸೋರ್ತಾ ಅದೆ ಬುದ್ಧೀ” ಅಂದು ವಾಪಸ್ಸು ಬಂದೆ. ನೀನು ಸೀಬೆಗಿಡದ ಕೆಳಗೆ ಕಾಯುತ್ತಾ ನಿಂತಿದ್ದೆ. ಅವರು ಓದಿ ಪಕ್ಕಕ್ಕೆ ಎಸೆದರು ಎಂದು ನಿನಗೆ ಹೇಳಿದೆ. ನೀನು ಒಳಗೆ ಹೋದೆ. ಮರುವರ್ಷ ನಿನ್ನ ಮದುವೆ ಮಾಡಿದೆ. ಅವರು ಸತ್ತಾಗ ನೀನು ಮುಖ ನೋಡಲೂ ಬರಲಿಲ್ಲ, ಆಗಲೂ ನಾನು ಸುಮ್ಮನಿದ್ದೆ. ಈ ಏಳು ವರ್ಷದ ಕೋಪ ಸೇರಬೇಕಾದದ್ದು ನನಗೆ. ಇನ್ನು ಮೇಲಾದರೂ ನನ್ನ ಮೇಲೆ ಇಟ್ಟುಕೋ.

ಆ ಅರ್ಜಿ ನನ್ನ ಸಾಮಾನಿನ ಪೆಟ್ಟಿಗೆಯ ತಳದಲ್ಲಿತ್ತು. ಇದರ ಜೊತೆ ಇಟ್ಟಿದ್ದೇನೆ. ಮಡಿಕೆ ಹರಿದಿದೆ, ಎಣ್ಣೆಯ ಕಲೆ ಹತ್ತಿದೆ. ಅಕ್ಷರ ಹಾಗೇ ಇದೆ, ಮುತ್ತು ಪೋಣಿಸಿದ ಹಾಗೆ. ಬರೆದವಳು ನೀನು. ಇವತ್ತಿನವರೆಗೂ ಓದಿದವನು ನಾನೊಬ್ಬನೇ.