ಸಾಹೇಬರ ಬಾಯಲ್ಲಿ ನಿನ್ನ ಹೊಲ

ಶಹಾಬಾದ, ಸೋಮವಾರ

ಅವ್ವಾ, ಶರಣು.

ನಿನ್ನೆ ಫೋನಿನಲ್ಲಿ ನಮ್ಮೂರು ಆಡಕಿಯ ಸಭೆಯ ಬಗ್ಗೆ ಹೇಳಿದೆಯಲ್ಲ: "ಗಣಿ ಸಾಹೇಬ್ರು ಭಾಳ ಛಲೋ ಮಾತಾಡಿದ್ರವ್ವ. ಚಪ್ಪಲಿ ಕೈಯಾಗ ಹಿಡ್ಕೊಂಡು ಎರಿಮಣ್ಣಾಗ ಬುತ್ತಿ ಒಯ್ಯೋದು ಅವರಿಗೂ ಗೊತ್ತದ. ಅಂಥವ್ರು ಮೋಸ ಮಾಡ್ತಾರೇನು? ಗುರುವಾರ ಹೊಲ ಬರಕೊಡ್ತೀನಿ."

ಸಾಹೇಬರಿಗೆ ಗೊತ್ತಿಲ್ಲ ಅವ್ವಾ. ಆ ಭಾಷಣ ನಾನೇ ನಿನ್ನನ್ನು ನೆನೆದು ಬರೆದದ್ದು. ನೀನು ಓಣಿಗೆಲ್ಲ ಹೆಮ್ಮೆಯಿಂದ ಹೇಳುವ ನನ್ನ ಕೆಲಸ ಇದೇ. ಯಾವ ಊರಿಗೆಂದು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಬರೆಯಲೆಂದು ಅವರು ಕೊಟ್ಟ ಕರಾರಿನ ಪ್ರತಿ ಓದಿದ್ದೇನೆ; ಮನೆಗೊಂದು ನೌಕರಿ ಎಂಬ ಮಾತು ಅದರಲ್ಲಿಲ್ಲ. ಭಾಷಣದಲ್ಲಿ ಮಾತ್ರ ಇದೆ.

ದಯವಿಟ್ಟು ಸಹಿ ಮಾಡಬೇಡ. ಊರವರಿಗೂ ತಿಳಿಸು. ಯಾರು ಹೇಳಿದರೆಂದು ಕೇಳಿದರೆ, ಭಾಷಣ ಬರೆದವಳೇ ಹೇಳಿದಳು ಎನ್ನು. ಆಮೇಲೆ ಯಾವ ಸಾಹೇಬರೂ ನನ್ನಿಂದ ಬರೆಸುವುದಿಲ್ಲ. ಆದರೂ ನನ್ನ ಹೆಸರು ಹೇಳು.

ನಿನ್ನ ಮಗಳು,
ಶಿವರಂಜನಿ